ಗುಬ್ಬಿಯ ಶಾಹೀನ್ ಮತ್ತು ಕುಣಿಗಲ್ಲಿನ ನಾದಿನಿ

ಕುಣಿಗಲ್ಲಿನ ನಾದಿನಿ ತಹಸೀನಳ ಹೆಸರು ಕಿವಿಗೆ ಬಿದ್ದರೆ ಸಾಕು, ಗುಬ್ಬಿಯ ಶಾಹೀನಳಿಗೆ ಹೊಟ್ಟೆಕಿಚ್ಚು. ಕಾರಣವೂ ಇತ್ತೆನ್ನಿ. ಬಡಗಿ ನಯಾಜ್ ಅಹಮದನ ಎರಡೂ ಕಿಡ್ನಿ ಕೈಕೊಟ್ಟಾಗ, ನಂದು ತಗೊಳ್ಳಿ ಎಂದು ಮೊದಲು ಮುಂದೆ ಬಂದವಳು ಹೆಂಡತಿ ಶಾಹೀನಳೇ. ಸಕ್ಕರೆ ಕಾಯಿಲೆ ಇದೆಯೆಂದು ಡಾಕ್ಟರು ಅವಳನ್ನು ವಾಪಸ್ ಕಳಿಸಿದರು. ತಂಗಿ ತಹಸೀನ್ ಕೊಟ್ಟಳು, ಅಣ್ಣ ಬದುಕಿದ.

ಅಂದಿನಿಂದ ಮದುವೆಯಿರಲಿ, ಹಬ್ಬವಿರಲಿ, ನೆಂಟರೆಲ್ಲ ತಹಸೀನಳ ಕೈ ಹಿಡಿದು ಹೊಗಳುವವರೇ. ಮೂರು ವರ್ಷದಿಂದ ಹೊತ್ತು ತಪ್ಪದಂತೆ ಮಾತ್ರೆ ನುಂಗಿಸಿ, ನೀರು ಕುದಿಸಿ ಆರಿಸಿ ಕೊಟ್ಟು, ಕಣ್ಣಲ್ಲಿ ಕಣ್ಣಿಟ್ಟು ಕಾಯ್ದವಳನ್ನು ಕೇಳುವವರಿಲ್ಲ. ಕಿಡ್ನಿಯನ್ನಾದರೆ ಒಂದು ದಿನ ಕೊಟ್ಟು ಮುಗಿಸಬಹುದು, ಮಾತ್ರೆಯನ್ನು ದಿನವೂ ಕೊಡಬೇಕಲ್ಲ.

ಹೋದ ಬಕ್ರೀದಿಗೆ ಬಂದ ತಹಸೀನ್, ಅಣ್ಣನ ಮೊಣಕಾಲ ಕೆಳಗೆ ಕಡಲೆಕಾಳಿನಷ್ಟು ಗಂಟು ಕಂಡಳು. ಮರದ ಸಿಬಿರು ಚುಚ್ಚಿತ್ತು, ನೋವೇನಿಲ್ಲ ಎಂದ ನಯಾಜ್. ಡಾಕ್ಟರಿಗೆ ತೋರಿಸಿ ಎಂದಳು ತಹಸೀನ್. ದಿನವೂ ನೋಡುವ ತನ್ನ ಕಣ್ಣು ತಪ್ಪಿಸಿಕೊಂಡದ್ದು ಇವಳ ಕಣ್ಣಿಗೆ ಬಿತ್ತಲ್ಲ ಎಂದು ಶಾಹೀನ್ ಕುದ್ದುಹೋದಳು. ಬರೀ ಕುರು ಎಂದು ಅರಿಶಿನ ಹಚ್ಚಿದಳು. ವಾರ ಬಿಟ್ಟು ತಹಸೀನ್ ಫೋನಿನಲ್ಲಿ ವಿಚಾರಿಸಿದಾಗ, ಇಳಿದುಹೋಯಿತು ಎಂದು ಸುಳ್ಳನ್ನೂ ಹೇಳಿದಳು.

ಎರಡು ತಿಂಗಳಿಗೆ ಗಂಟು ಒಡೆಯಿತು, ಪಕ್ಕದಲ್ಲಿ ಇನ್ನೆರಡು ಎದ್ದವು. ತುಮಕೂರಿನ ಬಟವಾಡಿಯ ಚರ್ಮದ ಡಾಕ್ಟರು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಅಪರೂಪದ ಫಂಗಸ್ ಎಂದು ಬಂತು. ಮಣ್ಣಿನಲ್ಲಿ, ಹಳೇ ಮರದಲ್ಲಿ ಇರುವಂಥದ್ದಂತೆ. ಗಟ್ಟಿ ಮೈಯವರಿಗೆ ಸಾಮಾನ್ಯವಾಗಿ ಏನೂ ಮಾಡದು. ಆದರೆ ಕಿಡ್ನಿ ಉಳಿಸುವ ಮಾತ್ರೆಗಳಿಂದ ಕಾಯಿಲೆ ತಡೆಯುವ ಶಕ್ತಿಯೇ ಕುಗ್ಗಿದವರನ್ನು ಹಿಡಿಯುತ್ತದೆ. ಈಗ ಆ ಮಾತ್ರೆಗಳನ್ನು ಇಳಿಸಬೇಕು, ಇಳಿಸಿದರೆ ಕಿಡ್ನಿಗೇ ಅಪಾಯ ಎಂದರು ಡಾಕ್ಟರು. ಸುದ್ದಿ ತಿಳಿದು ತಹಸೀನಳೂ ಕುಣಿಗಲ್ಲಿನಿಂದ ಬಂದು ಪಕ್ಕದಲ್ಲೇ ಕೂತಿದ್ದಳು.

ಯಾವಾಗಿನಿಂದ ಇತ್ತು, ಮೊದಲೇ ಯಾಕೆ ಬರಲಿಲ್ಲ ಎಂದು ಡಾಕ್ಟರು ಕೇಳಿದರು. ತಹಸೀನ್ ಅತ್ತಿಗೆಯ ಮುಖವನ್ನೊಮ್ಮೆ ನೋಡಿದಳು.

"ಹಬ್ಬದಲ್ಲೇ ನಾನು ನೋಡಿದ್ದೆ ಸರ್. ಏನೂ ಆಗಲ್ಲ ಬಿಡಿ ಅಂದ್ಬಿಟ್ಟೆ," ಎಂದಳು.

ಶಾಹೀನಳಿಗೆ ಮೈಯೆಲ್ಲ ಉರಿದುಹೋಯಿತು. ಇದನ್ನೂ ಇವಳೇ ಹೊತ್ತುಕೊಂಡು ಒಳ್ಳೆಯವಳಾಗಬೇಕೆ?

"ಸುಳ್ಳು ಸರ್," ಎಂದಳು. "ಅವ್ಳು ತೋರ್ಸಿ ಅಂದ್ಲು, ಬೇಡ ಅಂದವ್ಳು ನಾನು. ಕಿಡ್ನಿ ಕೊಟ್ಟಿದ್ದು ಅವ್ಳು. ಈ ತಪ್ಪು ನಂದು."