ಸೆರಗಿನ ಕೆಳಗಿನ ಮುಖ

ಮೊಮ್ಮಕ್ಕಳು ಕ್ಯಾಮೆರಾ ಹಿಡಿದುಕೊಂಡು ಬಂದು, ಫೋಟೋ ಚೆನ್ನಾಗಿ ಬರಬೇಕಾದರೆ ಏನು ಮಾಡಬೇಕು ಎಂದು ಕೇಳುತ್ತಾರೆ. ಬಿಸಿಲು ನಿಮ್ಮ ಬೆನ್ನಿಗಿರಲಿ, ಮೊಳಕೈ ಪಕ್ಕೆಗೆ ಒತ್ತಿರಲಿ, ಗುಂಡಿ ಒತ್ತುವಾಗ ಉಸಿರು ಬಿಗಿಹಿಡಿಯಿರಿ ಎನ್ನುತ್ತೇನೆ. ಅಷ್ಟು ಕೇಳಿ ಓಡಿಹೋಗುತ್ತಾರೆ. ಮುಖಕ್ಕೆ ಬೆಳಕು ಮೇಲಿನಿಂದಲೇ ಬರಬೇಕೆಂದಿಲ್ಲ ಎಂಬ ಮಾತಿಗೆ ಯಾರಿಗೂ ಪುರುಸೊತ್ತಿಲ್ಲ. ನಾನು ಕಲಿತದ್ದರಲ್ಲಿ ಬೆಲೆಬಾಳುವುದು ಅದೊಂದೇ.

ಆಗ ಕಲ್ಯಾಣಿ ಎಂದೇ ಕರೆಯುತ್ತಿದ್ದ ಬಸವಕಲ್ಯಾಣ ನನ್ನ ತವರು, ಕೊಟ್ಟದ್ದು ಹುಮನಾಬಾದಿಗೆ. ನಮ್ಮ ಯಜಮಾನರು ಹೈದರಾಬಾದಿನಿಂದ ಒಂದು ಡಬ್ಬಿ ಕ್ಯಾಮೆರಾ ತಂದಿದ್ದರು. ಅದರ ಹುಚ್ಚು ಅವರಿಗೆ ಬೇಗ ಬಿಟ್ಟಿತು, ನನಗೆ ಹಿಡಿಯಿತು. ನಮ್ಮವರಾಗಲಿ, ಮುಸಲ್ಮಾನರ ಮನೆಯವರಾಗಲಿ, ಹೆಂಗಸರು ಪರಗಂಡಸಿನ ಎದುರು ಫೋಟೋಕ್ಕೆ ಕೂಡುತ್ತಿರಲಿಲ್ಲ. ಹಾಗಾಗಿ ನನಗೆ ಕರೆ ಬರುತ್ತಿತ್ತು. ನನ್ನ ಎದುರು ಕೂತರೂ ಸೆರಗನ್ನು ಹುಬ್ಬಿನ ಮುಂದಕ್ಕೆ ಎಳೆದುಕೊಂಡೇ ಕೂಡುವರು. ಫೋಟೋ ನಾಳೆ ಮನೆಯ ಹಿರಿಯ ಗಂಡಸರ ಕೈಗೆ ಹೋಗುತ್ತದಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ ನನ್ನ ನೆಗೆಣ್ಣಿಗೆ, ಅಂದರೆ ಮೈದುನನ ಹೆಂಡತಿಗೆ, ಕ್ಷಯ ಹತ್ತಿತು. ರಾಜೇಶ್ವರವೆಂಬ ಊರಿನ ಹುಡುಗಿ. ಮಗಳು ಆಗಷ್ಟೇ ತೊದಲು ಮಾತಾಡುತ್ತಿದ್ದಳು. ರೋಗಕ್ಕೆ ಹೆದರಿ ಆ ಕೂಸನ್ನು ತಾಯಿಯ ಹತ್ತಿರ ಬಿಡುತ್ತಿರಲಿಲ್ಲ. ತಾನು ಉಳಿಯುವುದಿಲ್ಲವೆಂದು ನೆಗೆಣ್ಣಿಗೆ ಗೊತ್ತಿತ್ತು. ತನ್ನ ಮುಖ ಹೇಗಿತ್ತೆಂದು ಮಗಳಿಗೆ ಮುಂದೆ ತಿಳಿಯಬೇಕು, ಅದಕ್ಕೆ ಒಂದು ಫೋಟೋ ತೆಗೆದುಕೊಡು ಎಂದು ನನ್ನನ್ನು ಕೇಳಿದಳು.

ಅಂಗಳದಲ್ಲಿ ಕೂಡಿಸಿ ತೆಗೆದೆ. ಸೆರಗು ತುಸು ಹಿಂದಕ್ಕೆ ಸರಿಸಲು ಅತ್ತೆ ಒಪ್ಪಲಿಲ್ಲ. ಮಾವ, ಭಾವಂದಿರು ನೋಡುವ ಚಿತ್ರ, ಸೊಸೆ ಮುಖ ತೆರೆದು ಕೂಡುವುದು ನಮ್ಮ ಮನೆತನದಲ್ಲಿ ಇಲ್ಲ ಎಂದರು. ಆಗ ಬಂದ ಸಿಟ್ಟು ಇವತ್ತಿಗೂ ನನಗೆ ಪೂರ್ತಿ ಇಳಿದಿಲ್ಲ. ರೀಲು ಹೈದರಾಬಾದಿಗೆ ಹೋಗಿ, ತೊಳೆಸಿಕೊಂಡು ಚಿತ್ರವಾಗಿ ಬಂತು. ಸೀರೆಯ ಅಂಚು ಎಳೆಎಳೆಯಾಗಿ ಕಾಣುತ್ತಿತ್ತು. ಮುಖ ಇರಬೇಕಾದಲ್ಲಿ ಬರೀ ಕಪ್ಪು. ನೆಗೆಣ್ಣಿ ನೋಡಿ ನನ್ನ ಕೈಗೇ ವಾಪಸು ಕೊಟ್ಟಳು.

“ಇದರಾಗ ಸೀರಿ ಅದ ಅಕ್ಕಾ, ನಾ ಇಲ್ಲ.”

ಯಜಮಾನರು ಯಾರನ್ನೋ ಕಾಡಿಬೇಡಿ ಇನ್ನೊಂದು ರೀಲು ತರಿಸಿದರು. ಆದರೆ ಹೇಗೆ ತೆಗೆದರೂ ಸೆರಗಿನ ನೆರಳು ಇದ್ದೇ ಇರುತ್ತದಲ್ಲ ಎಂಬುದೇ ನನ್ನ ಚಿಂತೆ. ಒಂದು ದಿನ ಅತ್ತೆ ತೊಳೆದ ಜೋಳವನ್ನು ಬಿಳಿ ಧೋತರದ ಮೇಲೆ ಹರವಿ ಬಗ್ಗಿ ಕೈಯಾಡಿಸುತ್ತಿದ್ದರು. ಅವರ ಸೆರಗೂ ಹಣೆಯ ಮುಂದಕ್ಕೇ ಇತ್ತು. ಆದರೂ ಮುಖದ ಸುಕ್ಕುಗಳು ಒಂದೊಂದೂ ಕಾಣುತ್ತಿದ್ದವು. ಧೋತರಕ್ಕೆ ಬಿದ್ದ ಬಿಸಿಲು ಕೆಳಗಿನಿಂದ ಅವರ ಮುಖಕ್ಕೆ ಏರಿತ್ತು.

ಮರುದಿನವೇ ಮಡಿ ಮಾಡಿದ ಧೋತರಗಳನ್ನು ನೆಗೆಣ್ಣಿಯ ಕಾಲ ಮುಂದೆ ಹಾಸಿದೆ. ಸೆರಗು ಮುಟ್ಟಲಿಲ್ಲ. ಮುಖವೇನೋ ಬೆಳಗಿತು, ಆದರೆ ಬೆಳಕಿನ ಝಳಕ್ಕೆ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಕೂಸನ್ನು ನನ್ನ ಪಕ್ಕ ನಿಲ್ಲಿಸಲು ಕೇಳಿದೆ. ಅತ್ತೆ ತಾವೇ ಎತ್ತಿಕೊಂಡು ಬಂದು ನಿಲ್ಲಿಸಿ ಭುಜ ಹಿಡಿದುಕೊಂಡರು. ನೆಗೆಣ್ಣಿ ಕಣ್ಣು ತೆರೆದಳು. ನಗಲಿಲ್ಲ, ಅಳಲಿಲ್ಲ, ನೋಡುತ್ತಲೇ ಇದ್ದಳು. ನಾನು ಉಸಿರು ಬಿಗಿಹಿಡಿದು ಗುಂಡಿ ಒತ್ತಿದೆ.

ಚಿತ್ರ ಬರುವಷ್ಟರಲ್ಲಿ ಅವಳನ್ನು ಮಣ್ಣು ಮಾಡಿಯಾಗಿತ್ತು. ಮುಖ ಬಂದಿತ್ತು, ಪೂರ್ತಿ ಬಂದಿತ್ತು. ತೋರಿಸಲು ಅವಳೇ ಇಲ್ಲವಲ್ಲ ಎಂದು ನಾನು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ನಮ್ಮ ಅತ್ತೆಯವರು ಚಿತ್ರ ತೆಗೆದುಕೊಂಡು ಹೋದರು. ಪೆಟ್ಟಿಗೆಯಲ್ಲಿ ಮುಚ್ಚಿಡುತ್ತಾರೆ ಎಂದುಕೊಂಡೆ. ಅವರು ಕಟ್ಟು ಹಾಕಿಸಿ, ಗಂಡಸರು ಕೂಡುವ ಪಡಸಾಲೆಯಲ್ಲೇ ತೂಗುಹಾಕಿಸಿದರು.

ಹುಡುಗಿ ತುಸು ದೊಡ್ಡವಳಾದ ಮೇಲೆ ಒಂದು ಮಧ್ಯಾಹ್ನ ಅದರ ಕೆಳಗೆ ನಿಂತು ಅಜ್ಜಿಯನ್ನು ಕೇಳಿದಳು.

“ಆಯಿ, ಅವ್ವ ಯಾರಿಗಿ ನೋಡಾಕತ್ತಾಳ?”

ಅತ್ತೆ ಜೋಳ ಹಸನು ಮಾಡುವುದನ್ನು ಬಿಟ್ಟು ಎದ್ದುಬಂದರು. ಅವತ್ತು ಹಿಡಿದ ಹಾಗೆಯೇ ಅವಳ ಭುಜ ಹಿಡಿದುಕೊಂಡರು.

“ನೀ ಕ್ಯಾಮೆರಾದ ಬಾಜೂ ನಿಂತಿದ್ದೆವ್ವ. ನಿನಗೇ ನೋಡಾಕತ್ತಾಳ.”