ಹುತ್ತ ಯಾರದೆಂದು ಬಲ್ಲ ಲಾನ್ಯೆರೊ

ಇಬ್ಬನಿ ಆರುವ ಮುಂಚೆಯೇ ಲಾನ್ಯೆರೊ ಹೊಲಕ್ಕೆ ಇಳಿದಿದ್ದಾರೆ. ಉತ್ತರ ಉಗಾಂಡದ ಗುಲು ಕಡೆಯ ಹಳ್ಳಿಯ ಹೆಣ್ಣುಮಗಳು, ವಯಸ್ಸು ಅರವತ್ತೆರಡು. ಆಳೆತ್ತರದ ಹುಲ್ಲನ್ನು ಕೋಲಿನಿಂದ ಸರಿಸಿ ಒಂದು ಹುತ್ತದ ಮುಂದೆ ನಿಲ್ಲುತ್ತಾರೆ. ಊರವರಿಗೆ ನೂರಾ ನಲವತ್ತಮೂರು ಗಡಿ ಗುರುತಿಸಿಕೊಟ್ಟವರು ಇವರು. ಇವತ್ತಿನ ಗಡಿ ಮಾತ್ರ ಅವರ ಸ್ವಂತ ಹೊಲದ್ದು.

ಬಂಡುಕೋರರ ಯುದ್ಧಕಾಲದಲ್ಲಿ ಊರಿಗೆ ಊರೇ ನಿರಾಶ್ರಿತರ ಶಿಬಿರ ಸೇರಿತ್ತು. ಹತ್ತು ವರ್ಷ ಬಿಟ್ಟು ಬಂದಾಗ ಹೊಲವೆಲ್ಲ ಕಾಡು. ಗಡಿ ಬಲ್ಲ ಹಿರಿಯರು ಮಣ್ಣಾಗಿದ್ದರು. ಅಣ್ಣತಮ್ಮಂದಿರೇ ಮಚ್ಚು ಹಿಡಿದು ನಿಂತರು. ಸರ್ವೆ ಕಚೇರಿಯವರು ಅಳತೆ ಟೇಪು ಹಿಡಿದು ಬರುವುದು ಯಾವ ಕಾಲಕ್ಕೋ. ಆಗ ಲಾನ್ಯೆರೊ ಕೇಳಿದ್ದು ಒಂದೇ ಪ್ರಶ್ನೆ: ಈ ಹುತ್ತದ ಹುಳು ಹಿಡಿಯುತ್ತಿದ್ದವರು ಯಾರು? ಮೊದಲ ಮಳೆಗೆ ಏಳುವ ರೆಕ್ಕೆಗೆದ್ದಲನ್ನು ಹುರಿದು ತಿನ್ನುವ ಸೀಮೆಯಿದು. ಒಬ್ಬರ ಹುತ್ತಕ್ಕೆ ಇನ್ನೊಬ್ಬರು ಕೈಹಾಕುವಂತಿಲ್ಲ; ಹುತ್ತ ಯಾರದೋ ಆ ನೆಲವೂ ಅವರದೇ.

“ಹೊಲದ ಅಳತೆ ಮರೆತೋಗುತ್ತೆ ಕಣಪ್ಪ. ತಿಂದಿದ್ದು ಮರೀತಾರಾ?” ಎನ್ನುತ್ತಾರೆ. ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ನಡಿಗೆ. ಕೂಲಿ ಎಂದರೆ ಒಂದು ಹೊತ್ತಿನ ರಾಗಿಮುದ್ದೆ. ಮಾತು ಒಪ್ಪಿಗೆಯಾದರೆ ಎರಡೂ ಮನೆಯವರು ಒಂದೇ ಗುದ್ದಲಿ ಹಿಡಿದು ಗುಂಡಿ ತೋಡಿ ಗಡಿಗಿಡ ನೆಡಬೇಕು.

ಪಕ್ಕದ ಹೊಲದ ಒಲಾರ ಗುದ್ದಲಿ ತಂದು ದೂರದಲ್ಲೇ ನಿಂತಿದ್ದಾನೆ. ಹದಿಮೂರನೆಯ ವಯಸ್ಸಿನಲ್ಲಿ ಬಂಡುಕೋರರು ಎಳೆದೊಯ್ದವನು. ಒಂದು ಬೆಳಿಗ್ಗೆ ಆ ಬಂಡುಕೋರರನ್ನು ಲಾನ್ಯೆರೊ ಗುಡಿಸಲಿಗೆ ಕರೆತಂದವನೂ ಅವನೇ. ಅಂದು ಅವರು ಹಿಡಿದೊಯ್ದ ಲಾನ್ಯೆರೊ ಮಗ ಒಪಿರಾ ಮರಳಲಿಲ್ಲ. ಒಲಾರ ಮರಳಿ ಒಂಬತ್ತು ವರ್ಷವಾದರೂ ಅವನ ಕೈಯಿಂದ ಬಂದ ತಿನಿಸನ್ನು ಊರಲ್ಲಿ ಯಾರೂ ಬಾಯಿಗಿಡುವುದಿಲ್ಲ.

“ಈ ಹುತ್ತ ಒಲಾರನ ಅವ್ವನದು,” ಕೊನೆಗೂ ಹೇಳುತ್ತಾರೆ ಲಾನ್ಯೆರೊ. “ಬುಟ್ಟಿ ತುಂಬಾ ಹಿಡೀತಿದ್ಲು. ನಾನೇ ನೋಡಿದೀನಿ.”

ಸಾಕ್ಷಿಗೆ ಬಂದಿರುವ ಕುಲದ ಹಿರಿಯ ಒಲ್ವೆನಿ ಗದರುತ್ತಾರೆ: “ನೋಡಿದೋರಲ್ಲಿ ಬದುಕಿರೋಳು ನೀನೊಬ್ಬಳೇ. ಸುಮ್ನಿದ್ದಿದ್ರೆ ನಿನ್ನದೇ ಆಗ್ತಿತ್ತಲ್ಲ, ತಂಗಿ.”

“ಸುಮ್ನಿದ್ದಿದ್ರೆ ನಾಳೆ ನನ್ನನ್ನ ಯಾವ ಹೊಲಕ್ಕೆ ಕರೀತಿದ್ರಿ?”

ಒಂದೇ ಗುದ್ದಲಿಯ ಮೇಲೆ ನಾಲ್ಕು ಕೈ ಕೂಡುತ್ತವೆ. “ಅವ್ವಾ, ನಾನು…” ಎಂದು ಒಲಾರ ಬಾಯಿ ತೆರೆಯುತ್ತಾನೆ.

“ಅಗಿ ಮೊದ್ಲು, ಬಿಸಿಲೇರುತ್ತೆ,” ಎನ್ನುತ್ತಾರೆ ಲಾನ್ಯೆರೊ.

ಅವನನ್ನು ಕ್ಷಮಿಸಿದಿರಾ ಎಂದು ಕೇಳಿದರೆ ಗಿಡ ಎತ್ತಿ ಗುಂಡಿಗಿಡುತ್ತಾರೆ. ಆಸೆಯೇನು ಎಂದು ಕೇಳಿದಾಗ ಮಾತ್ರ ಗಿಡದ ಬುಡಕ್ಕೆ ಮಣ್ಣು ತುಳಿಯುತ್ತಾ ಹೇಳುತ್ತಾರೆ:

“ಮಳೆ ಬಿದ್ದ ದಿನ ಅವನು ಒಂದು ಬೊಗಸೆ ಹುಳು ತಂದ್ಕೊಡ್ಲಿ. ನಮ್ಮ ಒಪಿರಾಗೆ ಬಲು ಇಷ್ಟ. ಊರೆಲ್ಲ ನೋಡೋ ಹಾಗೆ ಅಂಗಳದಲ್ಲಿ ಕೂತು ತಿಂತೀನಿ.”