ಭಂಡಾರ ಬಿದ್ದ ಕಾರು

ನಾನು ಕೊಂಡ ಮೊದಲ ಕಾರಿಗೆ ಎರಡೇ ಸೀಟು. ನಮ್ಮ ಮನೆಯಲ್ಲಿ ಅವ್ವ, ಅಪ್ಪ, ನಾನು ಸೇರಿ ಮೂವರು. ಬಸ್ಸು ಎಷ್ಟು ಹೊತ್ತಿಗೆ ಬಂತು ಎಂಬುದನ್ನೂ ಬಿಡದೆ ದಿನಚರಿಯಲ್ಲಿ ಬರೆದಿಡುವವಳು ಇಂಥ ಕಾರು ಕೊಂಡದ್ದು ಕೆಲಸದ ಜಾಗದಲ್ಲಿ ಎಲ್ಲರಿಗೂ ತಮಾಷೆಯಾಗಿತ್ತು. ಮದುವೆಯಾದರೆ ಮಕ್ಕಳನ್ನು ಎಲ್ಲಿ ಕೂರಿಸುತ್ತೀಯ ಎಂದು ಕೇಳುತ್ತಿದ್ದರು. ಅಷ್ಟು ದೂರದ ಲೆಕ್ಕ ನಾನು ಹಾಕಿರಲಿಲ್ಲ.

ಬೆಳಗಾವಿಯ ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಅಳತೆ ನೋಡುವುದು ನನ್ನ ಕೆಲಸ. ಎಂಜಿನ್ನಿನೊಳಗೆ ತಿರುಗುವ ಉಕ್ಕಿನ ದಂಡಗಳು ಲೇಥಿನಿಂದ ಇಳಿದು ನನ್ನ ಮೇಜಿಗೆ ಬರುತ್ತವೆ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಕೆಂಪು ಬಣ್ಣ ಹಚ್ಚಿ ಬದಿಗಿಡುತ್ತೇನೆ. ಸರಿಯಿದ್ದವು ಪೆಟ್ಟಿಗೆ ಸೇರಿ ಲಾರಿ ಹತ್ತಿ ಹೋಗುತ್ತವೆ. ಅವು ಯಾವ ಗಾಡಿಯೊಳಗೆ ಕೂರುತ್ತವೆ ಎಂದು ನನಗೆ ತಿಳಿಯದು. ಕಾರಿನ ಆಸೆ ಮಾತ್ರ ಈ ಕೆಲಸಕ್ಕಿಂತ ಹಳೆಯದು. ನಮ್ಮ ಊರು ಖಾನಾಪುರದಿಂದ ಲೋಂಡಾಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ. ಹೈಸ್ಕೂಲಿಗೆಂದು ರಸ್ತೆ ಬದಿ ಬಸ್ಸಿಗೆ ಕಾಯುವಾಗ, ಗೋವಾ ಕಡೆಗೆ ಹೋಗುವ ಗಾಡಿಗಳ ನಡುವೆ ಅಪರೂಪಕ್ಕೊಂದು ನೆಲಕ್ಕೆ ಹೊಟ್ಟೆ ಹಚ್ಚಿಕೊಂಡಂತೆ ಓಡುವ ಕಾರು ಬರುತ್ತಿತ್ತು. ಕಾಣುವ ಮೊದಲೇ ಸದ್ದು ಕೇಳಿಸುತ್ತಿತ್ತು. ಕಂಡ ಮೇಲೆ ಹೆಚ್ಚು ಹೊತ್ತು ಕಾಣುತ್ತಿರಲಿಲ್ಲ. ಒಳಗೆ ಕೂತವರಿಗೆ ನಮ್ಮ ಊರು ಹೇಗೆ ಕಾಣುತ್ತಿರಬಹುದು ಎಂಬುದು ನನ್ನ ಆಗಿನ ಯೋಚನೆ.

ರಾಮತೀರ್ಥ ನಗರದಲ್ಲಿ ಅಂಥದೊಂದು ಹಳೆಯ ಕಾರು ಮಾರಾಟಕ್ಕಿದೆ ಎಂದು ಕಾರ್ಖಾನೆಯ ಒಬ್ಬರು ಹೇಳಿದರು. ಕಾರಿಗೆ ನನಗಿಂತ ನಾಲ್ಕೈದು ವರ್ಷ ಹೆಚ್ಚು ವಯಸ್ಸು, ಬಣ್ಣ ಕಡು ನೀಲಿ. ಎಂಜಿನ್ ಸೀಟುಗಳ ಹಿಂದೆ, ಪಟ್ಟಿಪಟ್ಟಿಯಾಗಿ ಸೀಳಿದ ಮುಚ್ಚಳದ ಕೆಳಗೆ ಇತ್ತು. ಮಾಲೀಕರು ಹಿರಿಯರು. ಕಾರು ಯಾಕೆ ಮಾರುತ್ತೀರಿ ಎಂದು ಕೇಳಿದ್ದಕ್ಕೆ ಮೊಣಕಾಲು ತೋರಿಸಿದರು.

"ಕುಂದ್ರಾಕ ಬರ್ತೈತಿ ತಂಗಿ, ಏಳಾಕ ಬರಂಗಿಲ್ಲ. ಹ್ವಾದ ವಾರ ನಮ್ಮ ಮನಿಯಾಕಿ ಮತ್ತ ಬಾಜು ಮನಿಯವ್ರು ಇಬ್ಬರೂ ಸೇರಿ ನನ್ನ ಜಗ್ಗಿ ತಗದ್ರು."

ನನಗಿಂತ ಮೊದಲು ಬಂದ ಇಬ್ಬರಿಗೆ ಅವರು ಕೊಟ್ಟಿರಲಿಲ್ಲ. ಒಬ್ಬನಿಗೆ ಸೈಲೆನ್ಸರ್ ಬದಲಿಸಿ ಊರೆಲ್ಲ ಕೇಳುವಂತೆ ಮಾಡುವ ಆಸೆ. ಇನ್ನೊಬ್ಬರು ಮದುವೆಯ ಫೋಟೊಗಳಿಗೆ ಬಾಡಿಗೆ ಕೊಡುವವರು. ನೀನು ಇದನ್ನು ಏನು ಮಾಡುತ್ತೀ ಎಂದು ನನ್ನನ್ನು ಕೇಳಿದಾಗ, ಓಡಿಸುತ್ತೇನೆ ಎಂದೆ. ಅವರಿಗೆ ಅಷ್ಟೇ ಸಾಕಾಯಿತು. ಬೆಲೆಯ ಮಾತು ಒಂದು ಕಪ್ ಚಹಾ ಮುಗಿಯುವುದರೊಳಗೆ ಮುಗಿಯಿತು. ಆಮೇಲೆ ಎಷ್ಟೋ ಭಾನುವಾರ ನನ್ನನ್ನು ಕರೆಸಿ, ತಾವು ಎಡಗಡೆ ಕೂತು ಕಲಿಸಿದರು. ತಣ್ಣಗಿನ ಎಂಜಿನ್ನಿಗೆ ಆತುರ ಮಾಡಬಾರದು, ರಸ್ತೆಯ ಉಬ್ಬನ್ನು ಓರೆಯಾಗಿ ಒಂದೊಂದೇ ಗಾಲಿ ಹತ್ತಿಸಿ ದಾಟಬೇಕು, ಮಳೆಯಲ್ಲಿ ತಿರುವಿನ ನಡುವೆ ಆಕ್ಸಿಲರೇಟರಿನಿಂದ ಕಾಲು ತೆಗೆಯಬಾರದು. ಪ್ರತಿ ಪಾಠದ ಕೊನೆಗೆ ಅವರನ್ನು ಎಬ್ಬಿಸಲು ನಾನೂ ಅವರ ಮನೆಯವರೂ ಕೈಕೊಡುತ್ತಿದ್ದೆವು. ಇಷ್ಟು ತಾಳ್ಮೆಯಿಂದ ನನಗೆ ಯಾರೂ ಏನನ್ನೂ ಕಲಿಸಿರಲಿಲ್ಲ.

ಕಾರಿನ ಫೋಟೊವನ್ನು ಅವ್ವನಿಗೆ ಕಳಿಸಿದ ದಿನ ಸಂಜೆಯೇ ಫೋನು ಬಂತು.

"ಇದೇನ ಗಾಡಿ ನೆಲಕ್ಕ ಕುಂತೈತಿ? ಯಾರರ ಮ್ಯಾಲ ನಿಂತ ತುಳದಾರೇನ?"

ಅದು ಇರುವುದೇ ಹಾಗೆ ಎಂದೆ. ಮನೆಗೆ ಯಾವಾಗ ತರುತ್ತೀ ಎಂದು ಅವ್ವ ಕೇಳಿದಳು. ನಮ್ಮದು ಹಿಂದಿನಿಂದಲೂ ಎಮ್ಮೆ ಸಾಕುವ ಮನೆ. ಅಪ್ಪ ಲೋಂಡಾದಲ್ಲಿ ರೈಲ್ವೆ ಹಳಿ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಮೇಲೂ ಅವ್ವ ಎಮ್ಮೆ ಬಿಟ್ಟಿಲ್ಲ. ಹೊಸ ಎಮ್ಮೆ ಕೊಂಡರೆ ಮೊದಲು ಅದನ್ನು ಅಂಗಳಕ್ಕೆ ತಂದು, ಕಾಲಿಗೆ ನೀರು ಹಾಕಿ, ಹಣೆಗೆ ಭಂಡಾರ, ಅಂದರೆ ದೇವರ ಮುಂದಿಟ್ಟ ಅರಿಶಿನ ಪುಡಿ ಹಚ್ಚಬೇಕು. ಅದಾಗುವ ತನಕ ಹಗ್ಗ ನಮ್ಮ ಕೈಯಲ್ಲಿದ್ದರೂ ಎಮ್ಮೆ ನಮ್ಮದಲ್ಲ. ಸೈಕಲ್ಲಿಗೂ ಅಪ್ಪನ ಮೋಟರ್ ಸೈಕಲ್ಲಿಗೂ ಇದೇ ಕ್ರಮ ನಡೆದಿತ್ತು. ಮೊದಲ ದಿನವೇ ಏನಾದರೂ ಕೆಟ್ಟರೆ ಆ ವಸ್ತು ಮನೆಗೆ ಆಗಿಬರಲಿಲ್ಲ ಎಂದರ್ಥ. ನಾನು ಸಣ್ಣವಳಿದ್ದಾಗ ಒಂದು ಎಮ್ಮೆ ಬಂದ ದಿನವೇ ಮೇವು ಮೂಸದೆ ಮಲಗಿತು. ಮರುದಿನ ಅವ್ವ ಅದನ್ನು ಹೊಡೆದುಕೊಂಡು ಹೋಗಿ ಮಾರಿದವರಿಗೇ ಒಪ್ಪಿಸಿ ಬಂದಳು. ಚೆಲುವಾದ ಎಮ್ಮೆ ಅದು, ನಾನು ಅತ್ತಿದ್ದೆ.

ಕಾರಿನ ವಿಷಯದಲ್ಲಿ ನಾನೇ ಅವ್ವನಿಗೆ ಮಾತು ಕೊಟ್ಟೆ. ದಸರಾಕ್ಕೆ ಮನೆಗೆ ತರುತ್ತೇನೆ, ನಿನಗೆ ಬೇಡವೆನಿಸಿದರೆ ಇಟ್ಟುಕೊಳ್ಳುವುದಿಲ್ಲ ಎಂದೆ. ಬೆಳಗಾವಿಯಲ್ಲಿ ಕೆಲಸ ಹಿಡಿಯುವಾಗ, ಹಿಂದವಾಡಿಯಲ್ಲಿ ಒಬ್ಬಳೇ ಕೋಣೆ ಮಾಡಿಕೊಳ್ಳುವಾಗ, ಬಂದ ಸಂಬಂಧವೊಂದನ್ನು ನಾನು ಒಲ್ಲೆ ಎಂದಾಗ ಊರಿನವರ ಮಾತಿಗೆಲ್ಲ ಅವ್ವನೇ ಉತ್ತರ ಕೊಟ್ಟಿದ್ದಳು. ಅವಳಿಗೆ ಬೇಡವಾದದ್ದನ್ನು ಇಟ್ಟುಕೊಂಡು ತಿರುಗಲು ನನಗೆ ಮನಸ್ಸಿರಲಿಲ್ಲ. ಅಪ್ಪನನ್ನು ಕೇಳಿದರೆ ನಿಮ್ಮ ಅವ್ವನ ಕೇಳು ಎಂದರು. ಕಾರು ಮಾರಿದ ಹಿರಿಯರಿಗೆ ವಿಷಯ ಹೇಳಿದಾಗ ನಕ್ಕು, ದಸರಾ ತನಕ ಕಾಗದಪತ್ರ ತಮ್ಮ ಹೆಸರಿನಲ್ಲೇ ಇರಲಿ ಎಂದರು. ಹೀಗಾಗಿ ನಾನು ಹಲವು ವಾರ ಆ ಕಾರನ್ನು ಹಿಂದವಾಡಿಯಿಂದ ಕಾರ್ಖಾನೆಗೆ, ಕಾರ್ಖಾನೆಯಿಂದ ಕೋಣೆಗೆ ಓಡಿಸಿದೆನಾದರೂ ನನ್ನದು ಎಂದು ಎಲ್ಲೂ ಬರೆಯಲಿಲ್ಲ. ದಿನಚರಿಯಲ್ಲಿ 'ಕಾರು' ಎಂದಷ್ಟೇ ಇದೆ.

ತೊಂದರೆ ಇದ್ದದ್ದು ನಮ್ಮ ದಾರಿಯಲ್ಲಿ. ಡಾಂಬರು ರಸ್ತೆಯಿಂದ ಮನೆಗೆ ಹೋಗುವುದು ಕೆಂಪು ಮಣ್ಣಿನ ಓಣಿ. ಎತ್ತಿನ ಗಾಡಿ, ಟ್ರ್ಯಾಕ್ಟರು ಓಡಾಡಿ ಎರಡೂ ಕಡೆ ಆಳವಾಗಿ, ನಡುವೆ ದಿಬ್ಬ ಉಳಿದಿತ್ತು. ಒಂದು ರಜೆಯಲ್ಲಿ ಬಸ್ಸಿಗೆ ಹೋಗಿ, ಅಳತೆಪಟ್ಟಿ ಹಿಡಿದು ಓಣಿಯುದ್ದಕ್ಕೂ ಕೂತು ಎದ್ದು ಅಳೆದೆ. ಕಾರಿನ ಹೊಟ್ಟೆಗಿಂತ ದಿಬ್ಬವೇ ಎತ್ತರ. ಬಾಜು ಮನೆಯ ಕಾಕಾ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದವರು, ಓಣಿಗೆ ಅಂಗಿ ಹೊಲಿಸುತ್ತೀಯೇನು ಎಂದು ಕೇಳಿದರು. ಅವ್ವನಿಗೆ ಹೇಳಿದೆ, ಅಂಗಳದ ತನಕ ಬರುವುದು ಕಷ್ಟ, ಡಾಂಬರಿನ ಮೇಲೆ ನಿಲ್ಲಿಸಿದರೆ ನೀನೇ ಅಲ್ಲಿಗೆ ಬಂದು ಪೂಜೆ ಮಾಡಬಹುದೇ ಎಂದು. ಎಮ್ಮೆಯನ್ನು ಯಾರಾದರೂ ರಸ್ತೆಯಲ್ಲಿ ನಿಲ್ಲಿಸಿ ಮನೆ ತುಂಬಿಸಿಕೊಳ್ಳುತ್ತಾರೆಯೇ ಎಂದಳು. ಮಾತು ಅಲ್ಲಿಗೇ ನಿಂತಿತು.

ಆಯುಧಪೂಜೆಯ ಬೆಳಗ್ಗೆ ಹಿಂದವಾಡಿ ಬಿಟ್ಟೆ. ಖಾನಾಪುರ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಭತ್ತದ ಗದ್ದೆಗಳು ತೆನೆ ಹೊತ್ತು ನಿಂತಿದ್ದವು. ಕಾರಿನಲ್ಲಿ ಕೂತರೆ ತೆನೆಗಳು ಕಣ್ಣಿನ ಮಟ್ಟಕ್ಕೆ ಕಾಣುತ್ತವೆ, ಬಸ್ಸಿನಿಂದ ಅವನ್ನು ನಾನು ಹಾಗೆ ನೋಡಿರಲಿಲ್ಲ. ಓಣಿಯ ಬಾಯಿಗೆ ಬಂದು ಇಳಿದು ನೋಡಿದರೆ ಆಳವೂ ಇಲ್ಲ, ದಿಬ್ಬವೂ ಇಲ್ಲ. ಹೊಸದಾಗಿ ಮುರುಮು, ಅಂದರೆ ಗರಸು ಮಣ್ಣು ಬಿದ್ದು, ನೀರು ಹೊಡೆದು ಗಟ್ಟಿ ಮಾಡಿದ ದಾರಿ ಮನೆಯ ತನಕ ಹೋಗಿತ್ತು. ಕಾಕಾ ಅಲ್ಲೇ ನಿಂತಿದ್ದರು.

"ನಿಮ್ಮವ್ವ ನನ್ನ ಎತ್ತ, ನನ್ನ ಬಂಡಿ, ನನ್ನ ಬೆನ್ನು ಎಲ್ಲಾ ಮುರದಾಳ ನೋಡವಾ. ದಿನಾ ಹಾಲ ಹಿಂಡಿದ ಮ್ಯಾಲ ಬುಟ್ಟಿ ಹಿಡಕೊಂಡ ಬರಾಕಿ. ಕೇಳಿದ್ರ, ಓಣಿ ಹೆಂಗೂ ಕೆಟ್ಟಿತ್ತಲ್ಲ ಅಂತಾಳ."

ಅವ್ವ ಇದರ ಬಗ್ಗೆ ನನಗೆ ಒಂದು ಮಾತೂ ಹೇಳಿರಲಿಲ್ಲ. ನಾನು ಮೊದಲ ಗೇರಿನಲ್ಲಿ, ಎತ್ತು ನಡೆಯುವ ವೇಗದಲ್ಲಿ ಆ ಓಣಿ ದಾಟಿದೆ. ಕೆಳಗೆ ಒಂದು ಕಲ್ಲೂ ತಾಗಲಿಲ್ಲ.

ಅಂಗಳದಲ್ಲಿ ಓಣಿಯ ಮಂದಿಯೆಲ್ಲ ಸೇರಿದ್ದರು. ಅವ್ವ ನಾಲ್ಕೂ ಗಾಲಿಗೆ ನೀರು ಹಾಕಿದಳು. ಪೂಜೆ ಎಂಜಿನ್ನಿಗೆ ಆಗಬೇಕು, ಮುಂದಿನ ಮುಚ್ಚಳ ತೆಗೆ ಎಂದಳು. ತೆಗೆದೆ. ಒಳಗೆ ಸ್ಟೆಪ್ನಿ ಗಾಲಿ, ನನ್ನ ಬಟ್ಟೆಯ ಚೀಲ, ಬೆಳಗಾವಿಯಿಂದ ತಂದ ಕುಂದಾದ ಡಬ್ಬಿ. ಎಲ್ಲರೂ ಬಗ್ಗಿ ನೋಡಿದರು. ಕೊನೆಗೆ ಕಾಕಾ ತಗ್ಗಿದ ದನಿಯಲ್ಲಿ ಅಂದರು: "ಯವ್ವಾ, ಇಂಜಿನ್ನ ಕೊಟ್ಟೇ ಇಲ್ಲಲ್ಲ ಅವ್ರು."

ಅವ್ವನ ಮುಖ ಬಾಡಿತು. ಮಗಳಿಗೆ ಯಾರೋ ಮೋಸ ಮಾಡಿದ್ದಾರೆ ಎಂದೇ ಅವಳಿಗೆ ಅನಿಸಿತ್ತು. ನಾನು ಅವಳ ಕೈಹಿಡಿದು ಹಿಂದೆ ಕರೆದುಕೊಂಡು ಹೋಗಿ, ಪಟ್ಟಿಗಳ ಸಂದಿಯಿಂದ ಎಂಜಿನ್ ತೋರಿಸಿದೆ. ಮುಚ್ಚಳದ ಮೇಲೆ ಅಂಗೈ ಇಟ್ಟು, ಬಿಸಿ ತಾಗಿದ ಮೇಲೆಯೇ ಅವಳು ನಂಬಿದ್ದು. ಎಲ್ಲರೂ ನಕ್ಕರು. ಆ ಖುಷಿಯಲ್ಲಿ ಪೂಜೆ ಜೋರಾಯಿತು. ಅವ್ವ ಒಂದು ಹಿಡಿ ಭಂಡಾರ ಮುಚ್ಚಳದ ಮೇಲೆ ಹಾರಿಸಿದಳು. ಕಾಕಾ ಒಂದು ಹಿಡಿ, ಅವರ ಮನೆಯವರು ಒಂದು ಹಿಡಿ, ಓಣಿಯ ಎಲ್ಲರೂ ತಮ್ಮ ತಮ್ಮ ಮನೆಯಿಂದ ತಂದದ್ದನ್ನು ಹಿಡಿತುಂಬ ಹಾರಿಸಿದರು. ನೀಲಿ ಕಾರು ಹಳದಿಯಾಯಿತು. ಓಣಿಯನ್ನು ಇಂಚಿಂಚು ಅಳೆದಿದ್ದ ನಾನು, ಆ ಪಟ್ಟಿಗಳ ಸಂದಿಯ ಕೆಳಗೆ ಏನಿದೆ ಎಂಬುದನ್ನು ಯೋಚಿಸದೆ ಕೈಮುಗಿದು ನಿಂತಿದ್ದೆ.

ಇನ್ನು ನಡಿ, ಅಪ್ಪನಿಗೆ ತೋರಿಸಿ ಬರೋಣ ಎಂದಳು ಅವ್ವ. ಅವರಿಗೆ ಆ ದಿನವೂ ಡ್ಯೂಟಿ ಇತ್ತು. ಅವ್ವ ಹೊಸ ಇಳಕಲ್ ಸೀರೆ ಉಟ್ಟು, ಮೊದಲು ಕೂತು ಆಮೇಲೆ ಕಾಲು ಎಳೆದುಕೊಂಡು ಎಡಗಡೆ ಸೀಟಿಗೆ ಸೇರಿದಳು. ಲೋಂಡಾ ಕಡೆಗೆ ಹೊರಟೆವು. ಕಾಡು ಸುರುವಾಗುವ ತನಕ ಅವಳು ಬಾಗಿಲಿನ ಹಿಡಿಯನ್ನು ಎಮ್ಮೆಯ ಹಗ್ಗದಂತೆ ಗಟ್ಟಿಯಾಗಿ ಹಿಡಿದಿದ್ದಳು. ಮೊದಲ ಏರಿನಲ್ಲಿ ಕಾರು ದಮ್ಮು ಕಟ್ಟಿದಂತೆ ಎಳೆಯಿತು. ಎರಡನೆಯ ಏರಿನಲ್ಲಿ ಕಪ್ಪು ಹೊಗೆ ಬಿಟ್ಟು, ಎರಡು ಸಲ ಕೆಮ್ಮಿ ನಿಂತೇಬಿಟ್ಟಿತು.

ನಾನು ಅವ್ವನ ಕಡೆ ನೋಡಲಿಲ್ಲ. ಮೊದಲ ದಿನ, ಪೂಜೆ ಮುಗಿದು ಇನ್ನೂ ಒಂದು ತಾಸೂ ಆಗಿರಲಿಲ್ಲ. ಅವಳು ಹೇಳುವ ಮಾತು ನನಗೆ ಗೊತ್ತಿತ್ತು. ಹೇಳುವ ಮೊದಲೇ ಇಳಿದು ಹಿರಿಯರಿಗೆ ಫೋನು ಹಚ್ಚಿದೆ. ಸಿಗ್ನಲ್ಲು ಹೋಗಿ ಬರುತ್ತಿತ್ತು. ಬೆಳಗಿನಿಂದ ಏನೇನು ಮಾಡಿದಿರಿ ಎಂದು ಕೇಳಿದರು. ನಾನು ಒಂದೊಂದಾಗಿ ಹೇಳುತ್ತ ಭಂಡಾರದ ತನಕ ಬಂದಾಗ ಅವರು ತಡೆದು, ಎಲ್ಲಿ ಹಾಕಿದಿರಿ ಎಂದು ಕೇಳಿದರು. ಆಮೇಲೆ ಆ ಕಡೆಯಿಂದ ನಗು ಮಾತ್ರ ಕೇಳಿಸಿತು.

"ಅದರ ಮೂಗಿನಾಗ ಹಾಕೀರಿ ತಂಗಿ. ಪಟ್ಟಿ ಕೆಳಗ ನಾ ಕುಂದರಿಸಿದ ಗಾಳಿ ಫಿಲ್ಟರ ತೆರೆದ ಐತಿ. ಬಿಚ್ಚಿ ಝಾಡಿಸು. ಹೊಡೀಬ್ಯಾಡ, ಸಾವಕಾಶ."

ಮುಚ್ಚಳ ತೆಗೆದು, ತಿರುಪು ಸಡಿಲಿಸಿ ಫಿಲ್ಟರನ್ನು ಹೊರಗೆ ತಂದೆ. ಮಡಿಕೆ ಮಡಿಕೆಯ ಒಳಗೂ ಹಳದಿ ತುಂಬಿತ್ತು. ರಸ್ತೆ ಬದಿಯ ಕಲ್ಲಿನ ಮೇಲೆ ಝಾಡಿಸಲು ಹೋದಾಗ ಹಿಂದಿನಿಂದ ಅವ್ವ, ನಿಲ್ಲು ಎಂದಳು. ಅವಳು ಕಾರಿನಿಂದ ಯಾವಾಗ ಇಳಿದಳೋ ತಿಳಿಯಲಿಲ್ಲ. ನನ್ನ ಮುಂದೆ ಕುಕ್ಕುರುಗಾಲಿನಲ್ಲಿ ಕೂತು, ಹೊಸ ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಅಗಲ ಮಾಡಿ ಹಿಡಿದಳು. ಭಂಡಾರ ಮಂದಿ ತುಳಿಯುವ ಜಾಗದಲ್ಲಿ ಬೀಳಬಾರದು. ನಾನು ಫಿಲ್ಟರಿನ ಬೆನ್ನಿಗೆ ಮೆಲ್ಲಗೆ ತಟ್ಟಿದೆ, ಪುಡಿ ಅವಳ ಸೆರಗಿಗೆ ಉದುರಿತು. ಲಾರಿಗಳು ಹಾರ್ನ್ ಹಾಕುತ್ತ ಹೋಗುತ್ತಿದ್ದವು. ಬಹಳ ಹೊತ್ತು ಹಾಗೇ ಕೂತಿದ್ದೆವು.

ನನಗೆ ತಡೆಯಲಾಗಲಿಲ್ಲ. "ಯವ್ವಾ, ಆಗಿಬರಲಿಲ್ಲ ಅಂತೀ ಏನ?"

ಅವ್ವ ಸೆರಗಿನಿಂದ ಕಣ್ಣೆತ್ತಲಿಲ್ಲ. "ಮೂಗಿನಾಗ ನಾವ ಹಿಡಿಗಟ್ಲೆ ಸುರದ್ರ ಯಾವದ ನಿಲ್ಲಂಗಿಲ್ಲ? ಅದೇನ ತಪ್ಪ ಮಾಡೈತಿ. ಇನ್ನೊಂದೀಟ ತಟ್ಟ, ಆ ಮೂಲ್ಯಾಗ ಐತಿ ನೋಡ."

ಅವಳು ತೋರಿಸಿದ ಮೂಲೆಗೆ ತಟ್ಟಿದೆ. ಫಿಲ್ಟರು ಮತ್ತೆ ಕೂರಿಸಿದ ಮೇಲೆ ಎಂಜಿನ್ ಒಂದು ಸಲ ಸೀನಿದಂತೆ ಮಾಡಿ ಹಿಡಿಯಿತು. ಪೂರ್ತಿ ಶಕ್ತಿ ಬಂದಿರಲಿಲ್ಲ, ಆದರೆ ಓಡಿತು. ಅವ್ವ ಭಂಡಾರವನ್ನು ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡು ಒಳಗೆ ಕೂತಳು. ಈ ಸಲ ಬಾಗಿಲಿನ ಹಿಡಿ ಹಿಡಿಯಲಿಲ್ಲ. ಮರಗಳ ನಡುವಿನ ತಿರುವುಗಳಲ್ಲಿ, ಸ್ವಲ್ಪ ಜೋರಾಗಿ ಹೋದರೆ ಏನಾಗುತ್ತದೆ ಎಂದು ಒಮ್ಮೆ ಕೇಳಿದಳು. ಏನೂ ಆಗುವುದಿಲ್ಲ ಎಂದು, ಒಂದು ಗೇರು ಬದಲಿಸಿ ತೋರಿಸಿದೆ. ಅವಳು ನಗುವುದು ಎಂಜಿನ್ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ, ಕಂಡಿತು.

ಲೋಂಡಾ ಸ್ಟೇಷನ್ನಿನ ಹೊರಗೆ ನಿಲ್ಲಿಸಿದಾಗ ಹಳದಿ ಹಿಡಿದ ನೀಲಿ ಕಾರನ್ನು ನೋಡಲು ಮಂದಿ ಸೇರಿದರು. ಅಪ್ಪನ ಜೊತೆ ಕೆಲಸ ಮಾಡುವ ಒಬ್ಬರು ಕಿಟಕಿಗೆ ಬಗ್ಗಿ ಮರಾಠಿಯಲ್ಲಿ, ಹೀ ಗಾಡಿ ಕುಣಾಚಿ, ಈ ಗಾಡಿ ಯಾರದು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಅವರದೇ ಮಾತಿನಲ್ಲಿ ಉತ್ತರ ಕೊಟ್ಟಳು.

"ಆಮ್ಚ್ಯಾ ಘರ್ಚಿ."

ನಮ್ಮ ಮನೆಯದು. ಯಾವ ಆಫೀಸಿನ ಸಹಿಯೂ ನನಗೆ ಆ ಮಾತಿನಷ್ಟು ಹಕ್ಕು ಕೊಟ್ಟಿಲ್ಲ.

ಅಷ್ಟರಲ್ಲಿ ಅಪ್ಪ ಕಿತ್ತಳೆ ಬಣ್ಣದ ಜಾಕೆಟ್ಟಿನಲ್ಲೇ ಹೊರಗೆ ಬಂದರು. ಕಾರಿನ ಸುತ್ತ ಒಂದು ಸುತ್ತು ಹಾಕಿ, ಗಾಲಿ ನೋಡಿ, ಎಡಗಡೆ ಬಾಗಿಲಿನ ಹತ್ತಿರ ನಿಂತರು. ಡ್ಯೂಟಿ ಮುಗಿಯುತ್ತ ಬಂತು, ನಾನೂ ಮನೆಯ ತನಕ ಕೂತು ನೋಡುತ್ತೇನೆ ಎಂದು ಹೇಳಿ, ಅವ್ವ ಇಳಿಯಲೆಂದು ಕಾದರು. ಅವ್ವ ಸೆರಗು ಸರಿಮಾಡಿಕೊಂಡು, ಬಾಗಿಲು ಎಳೆದುಕೊಂಡಳು.

"ನೀವು ರೈಲಿಗಿ ಬರ್ರಿ."